ಮುಯ್ಯಿಯ ಎಂಟು ದಿನ

೨೦೨೪ರ ಅಕ್ಟೋಬರ್ ೨೨, ಮಂಗಳವಾರ. ಹಿಂದಿನ ರಾತ್ರಿ ಹಿಡಿದ ಸೋನೆ ಬೆಳಿಗ್ಗೆ ಎಂಟಕ್ಕೆ ಬಿಟ್ಟಿತು. ಒಂಬತ್ತಕ್ಕೆ ಬಿಸಿಲು ಬಂತು. ಮೂಡಲ ದಿಕ್ಕಿನ ಮೋಡ ಮಾತ್ರ ಕದಲಲಿಲ್ಲ.

ಗೌಡಗೆರೆ ಹೋಬಳಿಯ ಸಣ್ಣ ಊರೊಂದರ ಶಾಲೆಯಲ್ಲಿ ಬಿಸಿಯೂಟ ಬೇಯಿಸುವ ಗಂಗಲಕ್ಷ್ಮಿ ಅಂದು ಕೆಲಸಕ್ಕೆ ರಜೆ ಹಾಕಿ, ಹದಿನೇಳು ವರ್ಷದ ಮಗಳು ರಕ್ಷಾಳೊಂದಿಗೆ ಶಿರಾದ ಸರ್ಕಾರಿ ಆಸ್ಪತ್ರೆಯಲ್ಲಿ ಮನೋವೈದ್ಯೆಯ ಎದುರು ಕುಳಿತಿದ್ದಳು. ವೈದ್ಯೆ ಮಾತ್ರೆಯ ಹಾಳೆಗಳನ್ನು ಮೇಜಿನ ಮೇಲಿಟ್ಟು ಎಣಿಸಿದರು. ಮುಗಿದಿರಬೇಕಿದ್ದ ಮಾತ್ರೆಗಳಲ್ಲಿ ನಾಲ್ಕು ಉಳಿದಿದ್ದವು.

"ನಾಲ್ಕು ದಿನ ಯಾಕಮ್ಮಾ ತಪ್ಪಿದೆ?"

"ನಾಕು ಶುಕ್ರವಾರ ಮೇಡಂ. ಗೊರವನಹಳ್ಳಿ ಅಮ್ಮಂಗೆ ಹರಕೆ. ಉಪವಾಸ ಅಂದ್ಮೇಲೆ ಬಾಯಿಗೆ ಏನೂ ಹಾಕ್ಬಾರ್ದಲ್ಲ."

ವೈದ್ಯೆ ಸಿಡುಕಲಿಲ್ಲ. ಗಂಗಲಕ್ಷ್ಮಿಗೆ ಅದೇ ಹೆಚ್ಚು ನಾಟಿತು. ಹರಕೆ ಹೊರಿಸಿದವಳು ಓರಗಿತ್ತಿ ಅಶ್ವತ್ಥಮ್ಮನಾದರೂ, ಉಪವಾಸದ ದಿನ ಅನ್ನದ ಜೊತೆಗೆ ಮಾತ್ರೆಯನ್ನೂ ಎತ್ತಿಟ್ಟ ಕೈ ತನ್ನದೇ. ದೇವರ ಮೇಲೆ ಅವಳಿಗೆ ಕೋಪವೇನೂ ಬರಲಿಲ್ಲ. ಮಗಳ ಮಾತ್ರೆಯನ್ನು ತಪ್ಪಿಸು ಎಂದು ಆ ತಾಯಿ ಕೇಳಿರಲಿಲ್ಲ.

ರಕ್ಷಾ ಮಧುಗಿರಿಯ ಹಾಸ್ಟೆಲಿನಲ್ಲಿದ್ದು ಪಿಯುಸಿ ಓದುತ್ತಿದ್ದವಳು. ಜುಲೈಯಲ್ಲಿ ಒಂದು ದಿನ ತರಗತಿಯ ಬಾಗಿಲಲ್ಲಿ ನಿಂತವಳಿಗೆ ಎದೆ ಹೊಡೆದುಕೊಂಡು, ಕೈ ಬೆವೆತು, ಕಾಲು ಒಳಗೆ ಇಡಲಾಗಲಿಲ್ಲ. ಮರುದಿನವೂ ಹಾಗೆಯೇ ಆಯಿತು. ಆಗಸ್ಟಿನಲ್ಲಿ ಮನೆಗೆ ಬಂದು ಗೋಡೆಯ ಕಡೆ ತಿರುಗಿ ಮಲಗಿದಳು. ಊರಿಗೆ ಹೇಳಲು ಮನೆಯವರೆಲ್ಲ ಸೇರಿ ಒಂದು ಹೊಟ್ಟೆನೋವನ್ನು ಹುಟ್ಟಿಸಿದರು. "ಇರೋದೇ ಬ್ಯಾಡ ಅನ್ಸುತ್ತೆ" ಎಂಬ ಮಾತನ್ನು ಅವಳು ಹೇಳಿದ್ದು ಈ ವೈದ್ಯೆಗೆ, ತಾಯಿಗಲ್ಲ.

"ಮಾತ್ರೆ ಇನ್ನು ಒಂದು ದಿನವೂ ತಪ್ಪಬಾರದು," ಎಂದರು ವೈದ್ಯೆ. "ಎರಡು ವಾರ ಒಬ್ಬಳನ್ನೇ ಬಿಡಬೇಡಿ. ಕಾವಲು ಕೂರಬೇಕು ಅಂತಲ್ಲ. ಜೊತೆಗೆ ಯಾರಾದರೂ ಇರಬೇಕು."

ಬಸ್ಸಿನಲ್ಲಿ ರಕ್ಷಾ ಕಿಟಕಿಯ ಕಡೆಗೆ ಮುಖಮಾಡಿ ಹೇಳಿದಳು: "ನೀನು ನನ್ನ ಮುಖಾನೇ ನೋಡ್ಕಂಡ್ ಕೂತ್ರೆ ನಂಗೆ ಉಸ್ರು ಕಟ್ಟುತ್ತೆ ಕಣಮ್ಮ."

"ನಂಗೆಲ್ಲಿ ಪುರುಸೊತ್ತೈತೆ ಬುಡು. ಸಾರಿಗೆ ಉಪ್ಪು ಮರ್ತ್ರೆ ಅರವತ್ತು ಮಕ್ಳು ತಟ್ಟೆ ಬಡೀತವೆ."

ತಮಾಷೆಯೆಂದು ಆಡಿದ ಮಾತಿನಲ್ಲೇ ತೊಡಕಿತ್ತು. ಶಾಲೆಯ ಅಡುಗೆ ಒಂಬತ್ತರಿಂದ ಮೂರರವರೆಗೆ. ಗಂಡ ಜಯಕುಮಾರನಿಗೆ ಪಾವಗಡದ ಕಡೆ ಸೋಲಾರ್ ಫಲಕಗಳನ್ನು ಕಾಯುವ ಕೆಲಸ; ಬರುವುದು ವಾರಕ್ಕೊಮ್ಮೆ. ಹೊಲದಲ್ಲಿ ಒಂದು ಎಕರೆ ಕಡಲೆಕಾಯಿ ಬಲಿತು ನಿಂತಿತ್ತು. ನೆಲ ಹಸಿಯಿರುವಾಗಲೇ ಗಿಡ ಕೀಳಬೇಕು, ತಡವಾದರೆ ಕಾಯಿ ನೆಲದೊಳಗೇ ಮೊಳೆಯುತ್ತದೆ.

ಸಂಜೆ ಜಯಕುಮಾರ ಫೋನಿನಲ್ಲಿ ಕೇಳಿದ: "ಕೆಲ್ಸ ಬುಟ್ಟು ಬಂದ್ಬುಡ್ಲಾ?"

"ಬ್ಯಾಡ. ಸಂಬ್ಳ ನಿಂತ್ರೆ ಅದೊಂದು ತಲೆನೋವು. ನಂಗೆ ಎಂಟು ದಿನ ಮುಯ್ಯಿ ಬರ್ಬೇಕು. ಅದನ್ನ ಇವ್ಳಿಗೆ ಹಾಕ್ತೀನಿ."

"ಹೊಲಕ್ಕೆ?"

"ಹೊಲಕ್ಕೆ ಕೂಲಿ ಸಿಗ್ತಾರೆ. ಇವ್ಳ ಹತ್ರ ಕೂತ್ಕಳಕ್ಕೆ ಕೂಲಿ ಸಿಗಲ್ಲ."

"ಹಾಕು," ಎಂದ ಅವನು.

ಇವತ್ತು ನಿನ್ನ ಹೊಲಕ್ಕೆ ನಾನು, ನಾಳೆ ನನ್ನ ಹೊಲಕ್ಕೆ ನೀನು: ಇದು ಆ ಸೀಮೆಯ ಮುಯ್ಯಿ. ಮಳೆಗಾಲದಲ್ಲಿ ಗಂಗಲಕ್ಷ್ಮಿ ರಜೆಯ ದಿನಗಳಲ್ಲಿ ನರಸಮ್ಮಜ್ಜಿಯ ಹೊಲದಲ್ಲಿ ಎರಡು ದಿನ, ಸರಸಮ್ಮನ ಹೊಲದಲ್ಲಿ ಎರಡು ದಿನ, ಅಶ್ವತ್ಥಮ್ಮನ ಹೊಲದಲ್ಲಿ ನಾಲ್ಕು ದಿನ ಕಳೆ ಕಿತ್ತಿದ್ದಳು. ಕೊಟ್ಟ ದಿನವನ್ನು ಹೊಲದ ಕೆಲಸಕ್ಕಲ್ಲದೆ ಬೇರೆಯದಕ್ಕೆ ಕೇಳಿದವರನ್ನು ಊರು ಕಂಡಿರಲಿಲ್ಲ.

ಅವಳು ಕೇಳಿದ್ದು ಬುಧವಾರ ಬೆಳಿಗ್ಗೆ, ನೀರಿನ ಘಟಕದ ಮುಂದೆ, ಹತ್ತಾರು ಜನ ಕ್ಯಾನು ಹಿಡಿದು ನಿಂತಿದ್ದಾಗ. ಮನೆಮನೆಗೆ ಹೋಗಿ ಪಿಸುಗುಟ್ಟಬಹುದಿತ್ತು. ಅವಳಿಗೆ ಪಿಸುಗುಟ್ಟಿ ಸಾಕಾಗಿತ್ತು.

"ನನ್ ಮಗ್ಳಿಗೆ ಮನ್ಸಿನ ಕಾಯ್ಲೆ. ಒಬ್ಳೇ ಇರಂಗಿಲ್ಲ. ಮುಯ್ಯಿ ಕೊಡ್ಬೇಕಾದವ್ರು ಹೊಲಕ್ಕೆ ಬರ್ಬ್ಯಾಡಿ, ನಮ್ಮನೆಗೆ ಬಂದು ಅವ್ಳ ಜೊತೆ ಕೂತ್ಕಳಿ."

ಅಶ್ವತ್ಥಮ್ಮನ ಕ್ಯಾನು ತುಂಬಿ ಹರಿಯಿತು. "ಹೊಟ್ಟೆನೋವು ಕಣ್ರೇ, ಇವ್ಳು ಏನೇನೋ ಅಂತಾಳೆ! ಲೇ ಗಂಗಾ, ನಾಳೆ ಹುಡ್ಗಿಗೆ ಗಂಡು ಬರ್ತದೇನೇ? ಮುಯ್ಯಿ ಅಂದ್ರೆ ಕಳೆ ಕೀಳಾದು, ಕಾಯಿ ಕೀಳಾದು. ಹುಡ್ಗಿ ಕಾಯಾದಲ್ಲ."

"ನಿನ್ ಹೊಲ್ದಾಗೆ ನಾಕು ದಿನ ಬಗ್ಗಿದ ಸೊಂಟ ನಂದು ಅಕ್ಕ. ಅದಕ್ಕೆ ಬದ್ಲು ಏನ್ ಬೇಕು ಅಂತ ನಾನು ಹೇಳ್ತೀನಿ. ಗಂಡು ಬರಾಕೆ ಮುಂಚೆ ಹುಡ್ಗಿ ಇರ್ಬೇಕಲ್ಲ?"

ಅರವತ್ತು ದಾಟಿದ ನರಸಮ್ಮಜ್ಜಿ ತನ್ನ ಕ್ಯಾನನ್ನು ಮುಂದಕ್ಕೆ ತಳ್ಳಿದಳು. "ಇವತ್ತು ನಂದು. ಸೊಂಟ ನೋಯಲ್ಲ, ಬಿಸ್ಲಿಲ್ಲ, ಕೂತ್ರೆ ಮುಯ್ಯಿ ತೀರ್ತದೆ ಅಂದ್ರೆ ನಂಗೇನು ಕಷ್ಟ? ಕಾಪಿ ಕೊಡ್ತೀಯಾ?"

"ಎರಡ್ ಸಲ."

ನರಸಮ್ಮಜ್ಜಿ ತನ್ನ ಹೊಲದ ಕಡಲೆಕಾಯಿ ಗಿಡದ ಹೊರೆಯನ್ನು ಅವರ ಜಗುಲಿಗೇ ತಂದು ಕಾಯಿ ಬಿಡಿಸುತ್ತ ಕುಳಿತಳು. ಮೊದಲ ದಿನ ರಕ್ಷಾ ಮಲಗಿದ್ದಲ್ಲಿಂದ ಏಳಲಿಲ್ಲ. ಎರಡನೆಯ ದಿನ ಹನ್ನೊಂದರ ಹೊತ್ತಿಗೆ ಬಂದು ಕಂಬಕ್ಕೆ ಒರಗಿದಳು. ಕೈ ತಾನಾಗಿ ಒಂದು ಗಿಡ ಎಳೆದುಕೊಂಡಿತು.

"ಏಳು ಕಾಯಿಗೆ ಒಂದು ಗಂಟೆ," ಎಂದಳು ಅಜ್ಜಿ. "ನಿನ್ನ ಕೂಲಿಗೆ ಕರ್ದವ್ರು ಮುಳುಗೋದ್ರು."

"ನೀನು ಕೂಲಿ ಎಲ್ ಕೊಡ್ತೀಯಾ ಅಜ್ಜಿ?"

ಅಜ್ಜಿ ನಕ್ಕಿದ್ದು ಎರಡು ಮನೆಯಾಚೆಗೆ ಕೇಳಿಸಿತಂತೆ.

ಶನಿವಾರ ಹಾಗಾಗಲಿಲ್ಲ. ಮಧ್ಯಾಹ್ನ ರಕ್ಷಾ ಕಾರಣವಿಲ್ಲದೆ ಅಳಲು ತೊಡಗಿದವಳು ನಿಲ್ಲಿಸಲೇ ಇಲ್ಲ. ಅಂದು ಜೊತೆಗಿದ್ದ ಸರಸಮ್ಮ ಗಾಬರಿಯಿಂದ ಶಾಲೆಗೆ ಫೋನು ಮಾಡಿದಳು. ಗಂಗಲಕ್ಷ್ಮಿ ಸೆರಗಿನಲ್ಲಿ ಕೈ ಒರೆಸಿಕೊಳ್ಳುತ್ತ ಓಡಿಬಂದಾಗ ಸರಸಮ್ಮನ ಕಣ್ಣೂ ಒದ್ದೆಯಾಗಿತ್ತು.

"ಏನ್ ಮಾಡ್ಬೇಕು ಅಂತ್ಲೇ ತಿಳೀಲಿಲ್ಲ ಕಣಕ್ಕ. ಸುಮ್ನೆ ಕೈ ಹಿಡ್ಕಂಡೆ."

"ಅಷ್ಟೇ ಕಣೇ ಮಾಡ್ಬೇಕಾಗಿರಾದು."

ಸೋಮವಾರದಿಂದ ಅಶ್ವತ್ಥಮ್ಮನ ಸರದಿ. ಎಂಟೂವರೆಯಾದರೂ ಅವಳು ಬರಲಿಲ್ಲ. ಗಂಗಲಕ್ಷ್ಮಿ ಬಾಗಿಲಿನ ಚಿಲಕ ಹಾಕಿ ಮಗಳಿಗೆ ಚಪ್ಪಲಿ ಮೆಟ್ಟಲು ಹೇಳಿದಳು. ಮೂರು ತಿಂಗಳಲ್ಲಿ ಆಸ್ಪತ್ರೆಗೆ, ಗುಡಿಗೆ ಹೋದದ್ದು ಬಿಟ್ಟರೆ ರಕ್ಷಾ ಬೀದಿ ಕಂಡಿರಲಿಲ್ಲ. ಅರ್ಧ ದಾರಿಯಲ್ಲಿ ನಿಂತಳು.

"ಎದೆ ಹೊಡ್ಕಂತೈತಮ್ಮ."

"ಹೊಡ್ಕಳ್ಳಿ. ನಿಂತ್ಕ. ಅದು ಸುಸ್ತಾದ ಮೇಲೆ ಹೋಗಾನ."

ತಾಯಿ, ಮಗಳು ನಡುಬೀದಿಯಲ್ಲಿ ಹಾಗೇ ನಿಂತರು. ಜನ ನೋಡಿದರು, ಗಂಗಲಕ್ಷ್ಮಿ ತಿರುಗಿ ನೋಡಿದಳು. ಐದು ನಿಮಿಷದ ಮೇಲೆ ರಕ್ಷಾಳೇ ಹೆಜ್ಜೆ ತೆಗೆದಳು.

"ನೀನು ಬರ್ಲಿಲ್ಲ, ನಾವೇ ಬಂದ್ವಿ," ಎಂದು ಗಂಗಲಕ್ಷ್ಮಿ ಮಗಳನ್ನು ಅಶ್ವತ್ಥಮ್ಮನ ಬೀದಿಜಗುಲಿಯ ಮೇಲೆ ಕೂರಿಸಿದಳು. "ಮೂರೂಕಾಲಿಗೆ ಬರ್ತೀನಿ."

"ಒಳಿಕ್ಕಾದ್ರೂ ಬಾರೇ ರಕ್ಷಾ, ಯಾರಾನ ಕೇಳಿದ್ರೆ ಹೊಟ್ಟೆನೋವು ಅನ್ನು," ಎಂದು ಅಶ್ವತ್ಥಮ್ಮ ಹಲ್ಲು ಕಚ್ಚಿ ಹೇಳುತ್ತಿದ್ದಳು. ಅಷ್ಟರಲ್ಲಿ ಕುರಿ ಹೊಡೆದುಕೊಂಡು ಹೊರಟಿದ್ದ ಅಡವಯ್ಯ ಕೋಲೂರಿ ನಿಂತ.

"ಏನವ್ವ, ಹೊಟ್ಟೆನೋವು ವಾಸಿ ಆಯ್ತಾ?"

ಬೀದಿಗಿಳಿದಿದ್ದ ಗಂಗಲಕ್ಷ್ಮಿ ಅಲ್ಲೇ ನಿಂತಳು. ತಾನು ಉತ್ತರ ಕೊಡಬಾರದು ಎಂದು ತುಟಿ ಕಚ್ಚಿಕೊಂಡಳು.

"ಹೊಟ್ಟೆಗೆ ಏನೂ ಆಗಿಲ್ಲ ತಾತ," ಎಂದಳು ರಕ್ಷಾ. ದನಿ ಎತ್ತರಿಸಿಯೇ ಹೇಳಿದಳು. "ಮನ್ಸಿಗೆ ಹುಷಾರಿಲ್ಲ. ಮಾತ್ರೆ ತಗತಿದೀನಿ."

ಅಡವಯ್ಯ ತಲೆಯ ಟವೆಲು ತೆಗೆದು ಕೊಡವಿದ. "ಅಂಗಾ? ಯಾವ ವಾರ ಬರ್ತಾರೆ ಆ ಡಾಕ್ಟ್ರು? ನಮ್ ಹಟ್ಟಿಲೂ ಒಬ್ರು ನಿದ್ದೆ ಮಾಡಲ್ಲ ಕಣವ್ವ."

"ಮಂಗಳವಾರ. ಬೇಗ ಹೋಗಿ ಚೀಟಿ ಮಾಡಿಸ್ಬೇಕು."

ಅಶ್ವತ್ಥಮ್ಮ ಒಬ್ಬರಾದ ಮೇಲೊಬ್ಬರ ಮುಖ ನೋಡಿದಳು. ಕೊನೆಗೆ, "ತಿಂಡಿ ತಿಂದಿದೀಯೇನೇ?" ಎಂದು ಕೇಳಿ ಒಳಕ್ಕೆ ಹೋದಳು. ಸಂಜೆ ಗಂಗಲಕ್ಷ್ಮಿಗೆ, "ನಿನ್ ಮಗ್ಳು ನಮ್ ಮಾನ ತೆಗೆದ್ಲು" ಎಂದು ದೂರಿದಳು. "ನಾಳೆ ಎಂಟೂವರೆಗೆ ಕಳಿಸ್ತೀನಿ, ಇನ್ನೂ ಮೂರು ದಿನ ಐತೆ," ಎಂದಳು ಗಂಗಲಕ್ಷ್ಮಿ. ಮರುದಿನ ಜಗುಲಿಯ ಮೇಲೆ ಚಾಪೆ ಹಾಸಿತ್ತು.

ನವೆಂಬರ್ ೫, ಮಂಗಳವಾರ, ವೈದ್ಯೆ ನೋಡಿದರು. ಕಾಯಿಲೆ ಹೋಗಿಲ್ಲ, ಇನ್ನೂ ತಿಂಗಳುಗಟ್ಟಲೆ ಬರಬೇಕು. ರಕ್ಷಾ ಬದುಕಿದ್ದಾಳೆ, ಊಟ ಮಾಡುತ್ತಾಳೆ. ಕಾಲೇಜಿನ ಮಾತನ್ನು ಯಾರೂ ಎತ್ತಿಲ್ಲ.

ಈ ಹದಿನೈದು ದಿನಗಳ ಖರ್ಚು: ಸರ್ಕಾರಿ ಬಸ್ಸು, ಹೆಂಗಸರಿಗೆ ಟಿಕೆಟ್ಟಿನ ಹಣವಿಲ್ಲ. ಆಸ್ಪತ್ರೆಯ ಚೀಟಿ ಎರಡು ಸಲಕ್ಕೆ ಇಪ್ಪತ್ತು ರೂಪಾಯಿ. ಹೊರಗೆ ಕೊಂಡ ಮಾತ್ರೆ ನೂರ ಎಂಬತ್ತು. ಶಿರಾದಲ್ಲಿ ತಿಂಡಿ ನೂರು. ಕಾಯಿ ಕೀಳಲು ಹತ್ತು ಆಳು, ತಲೆಗೆ ಮುನ್ನೂರೈವತ್ತರಂತೆ ಮೂರು ಸಾವಿರದ ಐನೂರು. ಒಟ್ಟು ಮೂರು ಸಾವಿರದ ಎಂಟುನೂರು. ಆಳು ಸಿಗುವುದು ತಡವಾಗಿ ಮೊಳೆತು ಹೋದ ಕಾಯಿ ಎರಡು ಮೂಟೆ. ಮುಯ್ಯಿ, ಎಂಟು ದಿನ.