ಕೆಂಪು ಚುಕ್ಕೆಯ ಅಳತೆ

ನನ್ನಕ್ಕ ದರ್ಜಿ. ಮೂವತ್ತು ವರ್ಷದಿಂದ ಹೆಂಗಸರ ಬಟ್ಟೆ ಹೊಲಿಯುತ್ತಿದ್ದಾಳೆ. ಕೊರಳಲ್ಲಿ ಟೇಪು, ತುಟಿಯಲ್ಲಿ ಎರಡು ಗುಂಡುಸೂಜಿ. ಹಾಗಾಗಿ ಮಾತು ಕಡಿಮೆ. ಯಾರಿಗೆ ಎಷ್ಟು ತಿಂಗಳು, ಯಾರ ತೋಳಿನ ಮೇಲೆ ಏಟಿನ ಗುರುತಿದೆ, ಎಲ್ಲ ಅವಳಿಗೆ ಗೊತ್ತು. ಹೊಟ್ಟೆಯಲ್ಲಿ ಇಟ್ಟುಕೊಂಡರೆ ಮುಗಿಯಿತು, ಹೊರಗೆ ಬರುವುದಿಲ್ಲ. ಬಾಯಿಬಡಕಿ ನಾನು. ಗುಂಡಿ ಹಾಕುವುದು, ಅಂಚು ಹೊಲಿಯುವುದು, ಗಿರಾಕಿಗಳ ಹತ್ತಿರ ಹರಟುವುದು ನನ್ನ ಪಾಲಿನ ಕೆಲಸ.

ಅವಳ ಅಳತೆ ಪುಸ್ತಕದಲ್ಲಿ ನಮ್ಮ ಹಳೆಯ ಗಿರಾಕಿ ಟೀಚರಮ್ಮನ ಹೆಸರಿನ ಮುಂದೆ ಒಂದು ಕೆಂಪು ಚುಕ್ಕೆ ಇತ್ತು, ಅಷ್ಟೇ.

ಹೋದ ವರ್ಷ ನನಗೆ ಬುದ್ಧಿ ಜಾಸ್ತಿಯಾಯಿತು. ಪುಸ್ತಕದ ಹಾಳೆಗಳು ಕಿತ್ತು ಬರುತ್ತಿದ್ದವು. ದರ್ಜಿಗಳಿಗೆಂದೇ ಮಾಡಿದ ಆ್ಯಪ್ ಒಂದು ನನ್ನ ಫೋನಿನಲ್ಲಿ ಸಿಕ್ಕಿತು, ಪುಕ್ಕಟೆ. ಮಾರುದ್ದದ ಷರತ್ತು ಬಂತು. ಯಾರು ಓದುತ್ತಾರೆ ಅದನ್ನೆಲ್ಲ? 'ಒಪ್ಪಿದೆ' ಎಂದು ಒತ್ತಿದೆ. ಎಲ್ಲರ ಅಳತೆ, ಫೋನ್ ನಂಬರು ತುಂಬಿಸುತ್ತ ಬಂದವಳು ಟೀಚರಮ್ಮನ ಹತ್ತಿರ ನಿಂತೆ.

"ಈ ಚುಕ್ಕೆ ಏನಕ್ಕಾ?"

"ಅದು ನನಗೆ ಗೊತ್ತು, ಬಿಡು."

"ನನಗೂ ಗೊತ್ತಿರಲಿ. ನಾಳೆ ನೀನು ಜ್ವರ ಅಂತ ಮಲಗಿದ್ರೆ ಹೊಲಿಯೋರು ಯಾರು?"

ಅಕ್ಕ ಸೂಜಿ ತೆಗೆದಿಟ್ಟು ಮೆಲ್ಲಗೆ ಹೇಳಿದಳು. ಆಪರೇಷನ್ ಮಾಡಿ ಟೀಚರಮ್ಮನ ಎಡ ಎದೆ ತೆಗೆದಿದ್ದರು. ಆ ಕಡೆ ಒಳಗೆ ಹತ್ತಿ ತುಂಬಿ ಹೊಲಿಯಬೇಕು. ವಯಸ್ಸಾದ ತಾಯಿ ತಡೆದುಕೊಳ್ಳಲಾರರು ಎಂದು ಅವರಿಗೂ ತಿಳಿಸಿರಲಿಲ್ಲ. ನಾನು ಚುಕ್ಕೆಯ ಬದಲು ಬಿಡಿಸಿ ಬರೆದೆ: 'ಎದೆ ಆಪರೇಷನ್, ಎಡಗಡೆ ಹತ್ತಿ.'

ಎರಡು ತಿಂಗಳಾದ ಮೇಲೆ ಟೀಚರಮ್ಮ ಬಂದರು. ಕೈಯಲ್ಲಿ ಬಟ್ಟೆ ಇರಲಿಲ್ಲ. ಅವರು ಸ್ನಾನಕ್ಕೆ ಹೋಗಿದ್ದಾಗ ಬಂದ ಕರೆಯನ್ನು ತಾಯಿ ಎತ್ತಿದ್ದರಂತೆ. ಎದೆ ಆಪರೇಷನ್ ಆದವರಿಗೆ ಒಳಉಡುಪು ಮಾರುವ ಕಂಪನಿಯವಳು. ನಂಬರು ಕೊಟ್ಟವರು ಯಾರು ಎಂದು ಆಮೇಲೆ ಟೀಚರಮ್ಮ ಗದರಿಸಿ ಕೇಳಿದರೆ, ದರ್ಜಿಗಳ ಆ್ಯಪ್ ಎಂದು ನಮ್ಮ ಆ್ಯಪಿನ ಹೆಸರನ್ನೇ ಹೇಳಿದಳಂತೆ.

"ಮೂರು ದಿನದಿಂದ ಅಮ್ಮ ಸರಿಯಾಗಿ ಊಟ ಮಾಡಿಲ್ಲ. ನನ್ನ ಹತ್ತಿರವೂ ಮುಚ್ಚಿಟ್ಟೆಯಲ್ಲ ಅಂತ ಒಂದೇ ಸಮ ಅಳ್ತಾರೆ. ಇದನ್ನ ಬರೆದಿದ್ದು ಯಾರು?"

ಷರತ್ತಿನಲ್ಲಿ ಇತ್ತು, ಆಮೇಲೆ ಓದಿದೆ: ಮಾಹಿತಿಯನ್ನು ನಮ್ಮ ಪಾಲುದಾರರ ಜೊತೆ ಹಂಚಿಕೊಳ್ಳುತ್ತೇವೆ. ಒಪ್ಪಿದವಳು ನಾನು, ಮೈ ಅವರದು.

ಅಷ್ಟು ಹರಟುವ ನನ್ನ ಬಾಯಿಗೆ ಅವತ್ತು ಹೊಲಿಗೆ ಬಿದ್ದಿತ್ತು.

"ನಾನೇ ಬರೆದೆ ಟೀಚರಮ್ಮ, ತಪ್ಪಾಯ್ತು" ಎಂದಳು ಅಕ್ಕ.

ಟೀಚರಮ್ಮ ಮೆಷಿನ್ ಮೇಲಿದ್ದ ಅಕ್ಕನ ಹಳೆಯ ಬಟನ್ ಫೋನನ್ನು ನೋಡಿದರು. ಆಮೇಲೆ ನನ್ನನ್ನು ನೋಡಿದರು. ನಾನು ತಲೆ ತಗ್ಗಿಸಿ ಡಬ್ಬಿಯಲ್ಲಿ ಗುಂಡಿ ಹುಡುಕತೊಡಗಿದೆ. ನಾಚಿಕೆಗೆಟ್ಟವಳು ನಾನು, ಈಗ ಹೇಳಿ ಏನು ಬಂತು.

ಆ್ಯಪ್ ಅಳಿಸಿದೆ. ಆಗಲೇ ಹಂಚಿ ಹೋದದ್ದನ್ನು ಅಳಿಸಲು ಎಲ್ಲಿ ಒತ್ತಬೇಕೋ ಕಾಣಲಿಲ್ಲ.

ಟೀಚರಮ್ಮ ಈಗಲೂ ಬರುತ್ತಾರೆ. ಆ ಎಡಗಡೆ ಸರಿಯಾಗಿ ಹೊಲಿಯಲು ಅವರಿಗೆ ಬೇರೆ ಯಾರಿದ್ದಾರೆ? ಅವರು ಬಾಗಿಲಲ್ಲಿ ಕಂಡ ಕೂಡಲೇ ನಾನು ಗುಂಡಿ ಡಬ್ಬಿ ಎತ್ತಿಕೊಂಡು ಹೊರಗೆ ಮೆಟ್ಟಿಲ ಮೇಲೆ ಕೂರುತ್ತೇನೆ. ಹೋಗು ಎಂದು ಅವರು ಒಂದು ದಿನವೂ ಹೇಳಿಲ್ಲ. ಇರು ಎಂದೂ ಹೇಳಿಲ್ಲ.