ನಮ್ಮೂರಿಗೆ ಹಣವಿದೆ, ನನಗಿಲ್ಲ

ಜರ್ಮನಿಗೆ ಬಂದ ಮೊದಲ ವಾರ ನನ್ನ ಪ್ರೊಫೆಸರರ ಕೋಣೆಯ ಗೋಡೆಯ ಮೇಲೆ ಜುಗೂಳದ ನಕಾಶೆ ಕಂಡು ಬೆಚ್ಚಿಬಿದ್ದೆ. ಕಾಗವಾಡ ತಾಲೂಕಿನ ನಮ್ಮೂರಿನ ಹೆಸರನ್ನು ಧಾರವಾಡದಲ್ಲೇ ಎರಡೆರಡು ಸಲ ಹೇಳಬೇಕಾಗುತ್ತಿತ್ತು. ಇಲ್ಲಿ ನೋಡಿದರೆ ಕೃಷ್ಣೆಯ ತಿರುವಿನಿಂದ ಹಿಡಿದು ನಮ್ಮ ಓಣಿಯವರೆಗೆ ಎಲ್ಲವೂ ಇತ್ತು. ಖುಷಿಯಾಗಬೇಕಿತ್ತು, ಸಿಟ್ಟು ಬಂತು.

ನಾನು ಬಂದದ್ದು ಜುಗೂಳವನ್ನು ಓದಲು ಅಲ್ಲ. ಬೇರೆಯವರ ಕಬ್ಬು ಕಡಿದು ನನ್ನನ್ನು ಓದಿಸಿದವಳು ಅವ್ವ. ಈ ದೇಶದಲ್ಲೂ ಹಿಂದೆ ರೈತರು ಧಣಿಗಳ ವಿರುದ್ಧ ಎದ್ದಿದ್ದರು ಎಂದು ಎಂ.ಎ.ಯಲ್ಲಿ ಓದಿದಾಗ ಹುಚ್ಚು ಹಿಡಿಯಿತು. ಅದಕ್ಕೆಂದೇ ಇವರ ಭಾಷೆ ಕಲಿತೆ, ಇವರೇ ಓದಲಾರದ ಇವರ ಹಳೆಯ ಲಿಪಿಯನ್ನೂ ಕಲಿತೆ.

ಮೊದಲ ವರ್ಷದ ಸ್ಕಾಲರ್‌ಶಿಪ್ ಮುಗಿದ ಮೇಲೆ ಮುಂದಿನ ದಾರಿ ಕೇಳಲು ಪ್ರೊಫೆಸರರ ಬಳಿ ಹೋದೆ. ಫೆಲೋಶಿಪ್ ಈ ವರ್ಷ ಖಾಲಿ ಇಲ್ಲವಂತೆ. ‘ಹಿವಿ’ ಆಗಬಹುದಂತೆ. ಹಿವಿ ಎಂದರೆ ಪ್ರೊಫೆಸರರ ಪುಸ್ತಕ ಹೊತ್ತು ತರುವ, ಝೆರಾಕ್ಸ್ ಮಾಡಿಕೊಡುವ ವಿದ್ಯಾರ್ಥಿ. ಅದರಲ್ಲಿ ಬಾಡಿಗೆಯೂ ಹುಟ್ಟುವುದಿಲ್ಲ. ಪೂರ್ತಿ ಸಂಬಳ ಇದ್ದದ್ದು ಒಂದಕ್ಕೇ, ಕೃಷ್ಣಾ ದಂಡೆಯ ನಮ್ಮ ಹಳ್ಳಿಗಳ ಅಧ್ಯಯನದ ಯೋಜನೆಗೆ.

“ನಮ್ಮ ರೈತರನ್ನು ಓದಲು ನಮ್ಮಲ್ಲೇ ಜನರಿದ್ದಾರೆ. ನೀವು ನಿಮ್ಮ ತಾಯಿಯನ್ನೇ ಸಂದರ್ಶಿಸಬಹುದಲ್ಲ?” ಎಂದರು.

“ನೀವು ನಮ್ಮೂರನ್ನು ಓದಲು ಹೊರಟಾಗ, ಅದಕ್ಕೆ ಊರಿನವರೇ ಬೇಕು ಎಂದು ಯಾರಾದರೂ ತಡೆದಿದ್ದರೇ?” ಎಂದೆ. ನಕ್ಕರು. ಜ್ಞಾನಕ್ಕೆ ಗಡಿಯಿಲ್ಲ ಎಂದು ತರಗತಿಯಲ್ಲಿ ಗಂಟೆಗಟ್ಟಲೆ ಮಾತಾಡುವ ಮನುಷ್ಯ! ಹೇಳುವುದು ಆಚಾರ, ತಿನ್ನುವುದು ಬದನೆಕಾಯಿ.

ಅವ್ವನಿಗೆ ಫೋನ್ ಮಾಡಿದೆ. “ನನ್ನ ಕೇಳಾಕ ಅಷ್ಟ ದೂರ ಯಾಕ ಹೋಗಬೇಕಿತ್ತ ಬೇ? ಇಲ್ಲೇ ಕಟ್ಟಿ ಮ್ಯಾಲ ಕುಂತಿದ್ರ ಎಲ್ಲಾ ಹೇಳ್ತಿದ್ನಿ. ಒಲ್ಲೆ ಅಂತ ಹೇಳಿಬಿಡು,” ಎಂದಳು. ಮರುದಿನ ಪ್ರೊಫೆಸರರಿಗೆ ಒಲ್ಲೆ ಎಂದೆ.

ಈಗ ಮೆನ್ಸಾದಲ್ಲಿ, ಅಂದರೆ ವಿದ್ಯಾರ್ಥಿಗಳ ಊಟದ ಮನೆಯಲ್ಲಿ, ತಟ್ಟೆ ತೊಳೆಯುತ್ತೇನೆ. ಖಾರವಿಲ್ಲದ ಬೇಯಿಸಿದ ಆಲೂಗಡ್ಡೆ ತಿನ್ನುತ್ತೇನೆ. ಕೋಣೆ ಕೇಳಲು ಹೋದಲ್ಲೆಲ್ಲ ಒಗ್ಗರಣೆ ಹಾಕುತ್ತೀಯಾ ಎಂಬುದೇ ಮೊದಲ ಪ್ರಶ್ನೆ. ನಮ್ಮಲ್ಲಿ ಮನೆ ಕೊಡುವ ಮೊದಲು ಜಾತಿ ಕೇಳುತ್ತಾರೆ, ಇಲ್ಲಿ ವಾಸನೆ ಕೇಳುತ್ತಾರೆ. ಎರಡಕ್ಕೂ ನನ್ನ ಧಿಕ್ಕಾರವಿದೆ.

ಸಂಜೆ ದಫ್ತರಖಾನೆಯಲ್ಲಿ ಹಳೆಯ ಕಾಗದ ಓದುತ್ತೇನೆ. ಸುಗ್ಗಿಯ ಕಾಲದಲ್ಲಿ ಧಣಿಯ ಹೆಂಡತಿಗೆ ನೂಲು ಸುತ್ತಲೆಂದು ತಾವು ಬಸವನಹುಳುವಿನ ಚಿಪ್ಪು ಆರಿಸಿ ತರಬೇಕಾಗಿತ್ತು ಎಂಬ ರೈತರ ದೂರನ್ನು ಯಾರ ಸಹಾಯವೂ ಇಲ್ಲದೆ ಓದಿದ ದಿನ ಒಬ್ಬಳೇ ಜೋರಾಗಿ ನಕ್ಕೆ. ಪಕ್ಕದವರು ಶ್ ಎಂದರು.

ನಾನು ಬಿಟ್ಟ ಯೋಜನೆ ನಾನೀಗಿರುವ ಈ ಜರ್ಮನ್ ಊರಿನವನೇ ಆದ ನನ್ನ ಸಹಪಾಠಿಯೊಬ್ಬನಿಗೆ ಸಿಕ್ಕಿತು. ಮೊನ್ನೆ ಅವ್ವ ವಿಡಿಯೋ ಕಾಲ್ ಮಾಡಿದಾಗ ಅವನು ನಮ್ಮ ಪಡಸಾಲೆಯಲ್ಲಿ ಕುಳಿತು ರೊಟ್ಟಿ ತಿನ್ನುತ್ತಿದ್ದ. ನನ್ನ ಮೈಯೆಲ್ಲ ಉರಿಯಿತು.

“ಅವಂಗ್ಯಾಕ ಮನಿಯಾಗ ಕರದಿ?” ಎಂದೆ.

“ದೂರದಿಂದ ಬಂದಾನ, ಹೊಟ್ಟಿಗಿ ಹಾಕಲಿಲ್ಲಂದ್ರ ಹೆಂಗ? ನಿನ್ನ ಹಾಸಿಗಿನ ಕೊಟ್ಟೀನಿ. ಅಲ್ಲಿ ಅವರವ್ವ ನಿನಗ ಏನೇನ ಮಾಡಿ ಹಾಕ್ತಾಳ?”

ಅವನ ತಾಯಿ ದಿನವೂ ನಾಯಿ ಹಿಡಿದುಕೊಂಡು ನನ್ನ ಕಿಟಕಿಯ ಮುಂದೆಯೇ ಹೋಗುತ್ತಾಳೆ. ಒಂದು ದಿನವೂ ತಲೆಯೆತ್ತಿ ನೋಡಿದವಳಲ್ಲ.

“ಭಾಳ ಚೊಲೊ ಮಾಡ್ತಾಳವ್ವಾ,” ಎಂದೆ.