ಟವೆಲ್ ಕೆಳಗಿನ ಮಾತು

ದನದ ವ್ಯಾಪಾರಕ್ಕೆ ಇಳಿಯುವವರಿಗೆ ನಾನು ಮೊದಲು ಹೇಳುವ ಬುದ್ಧಿ ಇದು: ಮಾರುವವನ ಮಾತು ಕೇಳಬೇಡಿ, ಮಾತಿನ ರಾಗ ಕೇಳಿ. "ಇದನ್ನ ಕೊಡೋ ಮನಸ್ಸೇ ಇಲ್ಲ ಕಣಣ್ಣ" ಎನ್ನುವವನ ದನಿ ಕೊನೆಯಲ್ಲಿ ಇಳಿಯಿತೋ, ಹಸು ಆಗಲೇ ನಿಮ್ಮ ಕೊಟ್ಟಿಗೆಗೆ ಬಂದ ಹಾಗೆ. ಹಗ್ಗ ಕೊಳ್ಳಲೂ ಗತಿಯಿಲ್ಲದ ನಾನು ಬಾಣಾವರದಲ್ಲಿ ಮನೆ ಕಟ್ಟಿದ್ದು ಈ ಕಿವಿಗಳಿಂದಲೇ.

ಹೋದ ವರ್ಷ ಲಕ್ವ ಹೊಡೆಯಿತು. ಸೋತಿದ್ದ ಎಡಗೈ ಬೇಗ ಸರಿಹೋಯಿತು, ಮಾತೂ ಕೆಡಲಿಲ್ಲ. ಆದರೆ ಎಲ್ಲರ ಮಾತೂ ಬಸ್ ನಿಲ್ದಾಣದ ಮೈಕಿನಂತೆ ಒಂದೇ ಸಮ ಕೇಳತೊಡಗಿತು. ಮದುವೆಮನೆಯ ಓಲಗವೂ ಬರೀ ಸದ್ದು. ಹಾಸನದ ಡಾಕ್ಟರು ವಿವರಿಸಿದರು: "ಮಾತಿನ ಅರ್ಥ ಹಿಡಿಯೋದು ಹೆಚ್ಚಾಗಿ ಮಿದುಳಿನ ಎಡಭಾಗ. ಅದರಲ್ಲಿರೋ ಕೋಪ, ತಮಾಷೆ, ದುಃಖ ಹಿಡಿಯೋಕೆ ಬಲಭಾಗ ಬೇಕು. ನಿಮಗೆ ಪೆಟ್ಟಾಗಿರೋದು ಅಲ್ಲೇ."

ಚೌಕಾಸಿ ಮಾಡೋಣವೆಂದರೆ ಡಾಕ್ಟರು ಬಗ್ಗುವ ಆಸಾಮಿಯಲ್ಲ.

ವ್ಯಾಪಾರ ಹೇಗೋ ನಡೆಯಿತು. ನಮ್ಮ ಹಳಬರು ಬೆಲೆಯನ್ನು ಬಾಯಲ್ಲಿ ಹೇಳುವುದಿಲ್ಲ. ಕೈಗಳ ಮೇಲೆ ಟವೆಲ್ ಮುಚ್ಚಿ, ಬೆರಳು ಹಿಡಿದು ಹೇಳುತ್ತಾರೆ. ಬೆರಳು ಬೆವರಿದರೆ ಆತುರ, ಬಿಗಿದರೆ ಹಟ. ಕಿವಿ ಕೈಕೊಟ್ಟರೂ ಕೈ ಕೈಬಿಡಲಿಲ್ಲ. ಕಷ್ಟವಾದದ್ದು ಮನೆಯಲ್ಲಿ.

ಒಂದು ಬೆಳಿಗ್ಗೆ ಹಸು ನೋಡಲು ಹಗರೆಗೆ ಹೊರಟಿದ್ದೆ. "ಹೋಗಿ, ಹೋಗಿ. ಆಸ್ಪತ್ರೆಯಿಂದ ಬಂದೋರು ಊರೂರು ಸುತ್ತಲೇಬೇಕಲ್ಲ!" ಎಂದಳು ಹೆಂಡತಿ. ಒಪ್ಪಿಗೆ ಸಿಕ್ಕಿತೆಂದು ಖುಷಿಯಾಗಿ ಬಸ್ಸು ಹತ್ತಿದೆ. ಸಂಜೆ ಬಂದಾಗ ಊಟದ ತಟ್ಟೆ ಕುಕ್ಕಿದಳು. ಆ ಸದ್ದು ಅರ್ಥವಾಗಲು ಮಿದುಳಿನ ಯಾವ ಭಾಗವೂ ಬೇಕಿರಲಿಲ್ಲ.

"ನೀನೇ ಹೋಗಿ ಅಂದ್ಯಲ್ಲೇ!"

"ಅಂದೆ. ಮದುವೆಯಾದಾಗಿಂದ ಹಿಂಗೇ ಅಂತಿದೀನಿ. ಹಿಂಗಂದಾಗ ಒಂದಿನಾದ್ರೂ ಹೋಗಿದ್ರಾ?"

ಆಮೇಲೆ ಅವಳು ಮಾತನ್ನೇ ಕಡಿಮೆ ಮಾಡಿದಳು. "ನಿಮಗೆ ಬೈದ್ರೂ ಒಂದೇ, ಮುದ್ದು ಮಾಡಿದ್ರೂ ಒಂದೇ. ಯಾಕೆ ಬಾಯಿ ನೋಯಿಸ್ಕೊಳ್ಳಲಿ?" ಬೈಗುಳವಿಲ್ಲದ ಮನೆಯಲ್ಲಿ ಸುಖವಾಗಿರಬಹುದು ಎಂದುಕೊಂಡವರಿಗೆ ಹೇಳುತ್ತೇನೆ: ಆ ವ್ಯಾಪಾರ ಬೇಡ.

ಹಗರೆಯವರು ಮತ್ತೆ ಕರೆದರು. ಹೊರಡುವ ಮೊದಲು ಅವಳ ಕೈ ಹಿಡಿದು ಮೇಲೆ ಟವೆಲ್ ಹಾಕಿದೆ.

"ಈಗ ಹೇಳು. ಹೋಗಲಾ?"

"ಥೂ, ಏನ್ರೀ ಇದು! ನಾನೇನು ಎಮ್ಮೇನಾ?"

"ಎಮ್ಮೆ ಅಲ್ಲ ಕಣೇ. ಎಮ್ಮೆ ಯಜಮಾನಿ."

"ಹೋಗಿ, ನಂಗೇನು," ಎಂದಳು. ದನಿಯಲ್ಲಿ ನನಗೇನೂ ಕೇಳಲಿಲ್ಲ. ಟವೆಲ್ ಕೆಳಗೆ ಮಾತ್ರ ಅವಳು ನನ್ನ ಐದೂ ಬೆರಳು ಬಿಗಿಯಾಗಿ ಹಿಡಿದಿದ್ದಳು.

ನಾನು ಹತ್ತಬೇಕಿದ್ದ ಹಳೇಬೀಡಿನ ಬಸ್ಸು ಹಾರ್ನ್ ಹೊಡೆದು ಹೋಯಿತು. ನಾನು ಮೆಟ್ಟು ಬಿಟ್ಟು ಒಳಗೆ ಬಂದೆ. ಅವಳು ಬಾಯ್ತುಂಬ ಬೈಯತೊಡಗಿದಳು.